ಎಎಮ್ ಟವರ್ ಹತ್ರ ಇದ್ರೆ ರೇಡಿಯೋ ಆಂಟೆನಾ ಹೀಗೆ ಹಾಕಿ

ಎಎಮ್ (ಮೀಡಿಯಂ ವೇವ್) ರೇಡಿಯೋ ಪ್ರಸಾರದ ಟವರ್ ಪಕ್ಕದಲ್ಲಿರೋರು ದೂರದ ಸ್ಟೇಷನ್ ಕೇಳಿಸ್ತಿಲ್ಲ ಅಂತ ಇನ್ನೂ ಉದ್ದ ತಂತಿ ಎಳೀತಾರೆ, ಸಾಲದು ಅಂತ ಬೂಸ್ಟರ್ ಬೇರೆ ಹಾಕ್ತಾರೆ, ಇದನ್ನ ನೋಡಿ ನೋಡಿ ಸಾಕಾಗಿದೆ. ಅಲ್ಲಿ ಸಿಗ್ನಲ್ ಕಮ್ಮಿ ಅಲ್ಲ ಸ್ವಾಮಿ, ವಿಪರೀತ ಜಾಸ್ತಿ. ರಿಸೀವರ್‌ಗೆ ಉಸಿರು ಕಟ್ಟಿರತ್ತೆ.

ಮೊದಲು ಆಂಟೆನಾಗೂ ರಿಸೀವರ್‌ಗೂ ಮಧ್ಯೆ 10 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಅಟೆನ್ಯುಯೇಟರ್, ಅಂದ್ರೆ ಸಿಗ್ನಲ್ ತಗ್ಗಿಸೋ ಸಾಧನ, ಹಾಕಿ ನೋಡಿ. ರಿಸೀವರ್‌ನ ಸಿಗ್ನಲ್ ಮೀಟರ್‌ನಲ್ಲಿ ಸ್ಟೇಷನ್ 10 ಡಿಬಿ ಮಾತ್ರ ಇಳಿದ್ರೆ ಅದು ಅಸಲಿ. 20–30 ಡಿಬಿ ಬಿದ್ರೆ ಅಲ್ಲಿ ಸ್ಟೇಷನ್ನೇ ಇಲ್ಲ, ರಿಸೀವರ್ ಒಳಗೆ ಹುಟ್ಟಿದ್ದು ಅದು. ಪಕ್ಕದಿಂದ 999 ಮತ್ತು 1080 ಕಿಲೋಹರ್ಟ್ಸ್ ಜೋರಾಗಿ ಬರ್ತಿದ್ರೆ 918ರಲ್ಲೂ ಕಲಬೆರಕೆ ಧ್ವನಿ ಬರೋದು ಇದಕ್ಕೇ: ಎರಡೂ ರಿಸೀವರ್ ಒಳಗೆ ಬೆರೆತು 2×999−1080 = 918 ಆಗತ್ತೆ.

ಉದ್ದ ತಂತಿ ಬಿಚ್ಚಿಡಿ, ಎರಡು-ಮೂರಡಿ ಅಗಲದ ಸಾದಾ ಲೂಪ್ (ಬಳೆ ಥರ ಸುತ್ತಿದ ತಂತಿ ಆಂಟೆನಾ) ಸಾಕು. ಆಂಪ್ಲಿಫೈಯರ್ ಇರೋ ಅಗ್ಗದ ಆಂಟೆನಾ ಬೇಡವೇ ಬೇಡ, ಟವರ್ ಹತ್ರ ಮೊದಲು ಕೈಕೊಡೋದೇ ಆ ಆಂಪ್ಲಿಫೈಯರ್.

ಎಲ್ಲರೂ ಎಡವೋದು ಲೂಪ್ ತಿರುಗಿಸೋದ್ರಲ್ಲಿ. ಲೂಪ್‌ನ ಅಂಚು ಟವರ್ ಕಡೆಗಿದ್ರೆ ಅದು ಪೂರ್ತಿ ಹೀರಿಕೊಳ್ಳತ್ತೆ, ಕಿಟಕಿ ಚೌಕಟ್ಟಿನ ಥರ ಮುಖಾಮುಖಿ ನಿಂತ್ರೆ ಮಾತ್ರ ಆ ಸ್ಟೇಷನ್ ಅಡಗತ್ತೆ. ಫೆರೈಟ್ ರಾಡ್ (ರೇಡಿಯೋ ಒಳಗಿರೋ, ತಂತಿ ಸುತ್ತಿದ ಕಪ್ಪು ಕಡ್ಡಿ ಆಂಟೆನಾ) ಆದ್ರೆ ಅದರ ತುದಿ ಟವರ್ ಕಡೆಗೆ ಇರಬೇಕು. ಜೋರಾಗಿ ಕೇಳೋ ದಿಕ್ಕು ತುಂಬಾ ಅಗಲ, ಅಡಗೋ ಜಾಗ ಕೆಲವೇ ಡಿಗ್ರಿ, ಅದಕ್ಕೇ ಗರಗರ ತಿರುಗಿಸಿದೋರು ಅದನ್ನ ದಾಟಿಯೇ ಬಿಡ್ತಾರೆ. ಕಿವಿ ನಂಬಬೇಡಿ, ರಿಸೀವರ್‌ನ ಎಜಿಸಿ (ತಾನಾಗೇ ಗೇನ್ ಹೊಂದಿಸೋ ಸರ್ಕ್ಯೂಟ್) ವಾಲ್ಯೂಮ್ ಸಮ ಮಾಡಿ ಮೋಸ ಮಾಡತ್ತೆ. ಮೀಟರ್ ನೋಡ್ತಾ ಕೂದಲೆಳೆಯಷ್ಟು ತಿರುಗಿಸ್ತಾ ಹೋಗಿ, ಮೆಲ್ಲಗೆ ಇಳೀತಿದ್ದ ಮುಳ್ಳು ಒಂದು ಕಡೆ ದಡಕ್ಕಂತ ತಳ ಕಚ್ಚತ್ತೆ, ಅಲ್ಲೇ ನಿಲ್ಲಿಸಿ, ಆಮೇಲೆ ಲೂಪನ್ನ ಸ್ವಲ್ಪ ಹಿಂದೆ ಮುಂದೆ ವಾಲಿಸಿ ನೋಡಿ. ಮುಳ್ಳು ಅಷ್ಟಾಗಿ ಇಳೀದೇ ಇದ್ರೆ ಹತ್ತಿರದ ವೈರಿಂಗೋ ತಂತಿ ಬೇಲಿಯೋ ಅದೇ ಸಿಗ್ನಲ್ಲನ್ನ ಮತ್ತೆ ಹೊರಹಾಕ್ತಿದೆ ಅಂತ ಅರ್ಥ, ಲೂಪನ್ನ ನಾಲ್ಕಡಿ ಆಚೆ ಇಟ್ಟು ಮತ್ತೆ ಮಾಡಿ. ಕೇಬಲ್‌ನ ಹೊರಕವಚನೂ ಆಂಟೆನಾ ಥರ ಕೆಲಸ ಮಾಡಿ ಎಲ್ಲಾ ಕೆಡಿಸತ್ತೆ, ಕೇಬಲ್ಲನ್ನ ಫೆರೈಟ್ ರಿಂಗ್‌ಗೆ ಹತ್ತು ಸುತ್ತು ಸುತ್ತಿ.

ಇನ್ನೂ ಕಾಟ ಇದ್ರೆ ಟ್ರ್ಯಾಪ್ (ಆ ಟವರ್‌ನ ಫ್ರೀಕ್ವೆನ್ಸಿಯನ್ನ ಮಾತ್ರ ತಡೆಯೋ ಸರ್ಕ್ಯೂಟ್) ಹಾಕಿ: 100 ಮೈಕ್ರೋಹೆನ್ರಿ ಕಾಯಿಲ್, ಅದಕ್ಕೆ ಪ್ಯಾರಲಲ್ ಆಗಿ ಗ್ಯಾಂಗ್ ಕಂಡೆನ್ಸರ್ (ತಿರುಗಿಸಿ ಹೊಂದಿಸೋ ಕಂಡೆನ್ಸರ್), ಎರಡನ್ನೂ ಆಂಟೆನಾ ವೈರ್ ಮಧ್ಯೆ ಸೇರಿಸಿ. 1000 ಕಿಲೋಹರ್ಟ್ಸ್‌ಗೆ ಕಂಡೆನ್ಸರ್ ಸುಮಾರು 250 ಪಿಎಫ್ (ಪಿಕೋಫ್ಯಾರಡ್) ಬೇಕಾಗತ್ತೆ. ಶಾರ್ಟ್‌ವೇವ್ ಮಾತ್ರ ಕೇಳೋರಿಗೆ ಹೈಪಾಸ್ ಫಿಲ್ಟರ್ (ಕೆಳಗಿನ ಫ್ರೀಕ್ವೆನ್ಸಿ ತಡೆದು ಮೇಲಿನವನ್ನ ಮಾತ್ರ ಬಿಡೋದು) ಒಂದೇ ಸಾಕು.

ತುಕ್ಕು ಹಿಡಿದ ಜಾಯಿಂಟ್‌ಗಳನ್ನ ಉಜ್ಜಿ ಬಿಗಿ ಮಾಡಿ, ಅವು ಡಯೋಡ್ ಥರ ವರ್ತಿಸಿ ಹೊಸ ಗಲಾಟೆ ಹುಟ್ಟಿಸ್ತವೆ. ಟವರ್ ಬೇಲಿ ಒಳಗೆ ಮಾತ್ರ ಕಾಲಿಡಬೇಡಿ. ಸಾಮಾನ್ಯವಾಗಿ ಆ ಕಂಬವೇ ಆಂಟೆನಾ, ಮುಟ್ಟಿದ್ರೆ ಕೈ ಸುಟ್ಟುಹೋಗತ್ತೆ.