ಮ್ಯೂನಿಕ್‌ನ ಹಿಮ, ಬಳ್ಳಾರಿಯ ಬಿಸಿಲು, ನನ್ನ ನಾಲ್ಕು ಟೈರ್

ಹೋದ ಅಕ್ಟೋಬರ್‌ನಲ್ಲಿ ಹೆಂಡತಿಯ ತಮ್ಮ ಮ್ಯೂನಿಕ್‌ನಿಂದ ಫೋನ್ ಮಾಡಿದ. "ಮಾಮಾ, ಇಲ್ಲಿ ಚಳಿಗಾಲಕ್ಕ ಬೇರೆ ಟೈರ್ ಹಾಕಿಸಬೇಕಂತ. ಈಗಿರೋವು ಚಲೋನ ಅದಾವ. ಸುಮ್ನೆ ದುಡ್ಡು ದಂಡ ಅಲ್ಲೇನು?"

ಕೇಳಿದ್ದು ಯಾರನ್ನು? ಬಳ್ಳಾರಿಯವನನ್ನು. ನಮ್ಮಲ್ಲಿರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಆದರೆ ಮನೆಯಲ್ಲಿ ಗಾಡಿ ವಿಷಯಕ್ಕೆಲ್ಲ ನಾನೇ ದೊಡ್ಡ ಪಂಡಿತ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡು ದಿನ ಟೈಮ್ ಕೇಳಿ, ಕೂತು ಓದಿದೆ.

ವಿಷಯ ಸರಳ. ಮಾಮೂಲಿ ಟೈರ್‌ನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತದೆ, ರಸ್ತೆ ಕಚ್ಚುವುದಿಲ್ಲ. ಚಳಿಗಾಲದ ಟೈರ್‌ನ ರಬ್ಬರ್ ಮೆತ್ತಗೆ. ಮೈತುಂಬ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳು, ಅವು ಹಿಮವನ್ನು ಹಿಡಿದುಕೊಳ್ಳುತ್ತವೆ. ಜರ್ಮನಿಯಲ್ಲಿ ಹಿಮ ಬಿದ್ದ ರಸ್ತೆಗೆ ಇಂಥ ಟೈರ್ ಇಲ್ಲದೆ ಇಳಿದರೆ 60 ಯೂರೋ ದಂಡ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು, ಆ ಗುರುತು ಟೈರ್ ಮೇಲೆ ಇರಲೇಬೇಕು. ಬರೀ 'ಎಂ+ಎಸ್' (ಕೆಸರು-ಹಿಮ) ಅಂತ ಇದ್ದರೆ 2024ರ ಅಕ್ಟೋಬರ್‌ನಿಂದ ನಡೆಯುವುದಿಲ್ಲ.

"ಊರೊಳಗೇ ಓಡಾಡೋದಾದ್ರೆ ಆ ಗುರುತಿರೋ ಆಲ್-ಸೀಸನ್ ಸಾಕು. ನೀನು ವಾರಕ್ಕೊಮ್ಮೆ ಗುಡ್ಡಕ್ಕ ಹೋಗ್ತೀಯ, ತಗೊಂಡುಬಿಡು. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯಂಗಿಲ್ಲ, ಪೂರ್ತಿ ದಂಡ ಏನಲ್ಲ" ಅಂದೆ. ಆಫೀಸಿನ ಗೆಳೆಯನ ಹಳೇ ಸೆಟ್ ಅಗ್ಗಕ್ಕೆ ಸಿಗುತ್ತಿದೆ ಅಂದ. "ಹಂಗಾದ್ರೆ ಯಾವ ವರ್ಷದ್ದು ಅಂತ ನೋಡು, ಮೂಲ್ಯಾಗ ಇಟ್ಟ ಟೈರ್‌ಗೂ ವಯಸ್ಸಾಗ್ತದ" ಅಂದೆ.

"ನಿಮ್ಮ ಗಾಡಿದು ಎಷ್ಟರದು ಮಾಮಾ?"

ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹಳೇ ಟವೆಲ್ ಹಾಸಿ ಸ್ವಿಫ್ಟ್ ಪಕ್ಕದಲ್ಲಿ ಕೂತೆ. ಟೈರ್ ಮೇಲೆ 'ಡಿಒಟಿ' ಅಂತ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಈ ಅಂಕಿ ಒಂದು ಕಡೆ ಮಾತ್ರ ಇರುವುದೂ ಉಂಟು, ಅದು ಒಳಬದಿಗೆ ಬಂದಿದ್ದರೆ ಗಾಡಿ ಕೆಳಗೆ ತಲೆ ತೂರಿಸಬೇಕು. ಮುಂದಿನ ಎರಡರಲ್ಲಿ 3021 ಇತ್ತು. ತೋರಣಗಲ್ಲು ಕಡೆ ಅದಿರು ಲಾರಿಗಳು ಓಡುವ ರಸ್ತೆಯಲ್ಲಿ ಗುಂಡಿಗೆ ಹಾರಿಸಿ ಟೈರ್ ಪಕ್ಕ ಉಬ್ಬಿ ಬಬಲ್ ಬಂದಾಗ ಜೋಡಿಯಾಗಿ ಬದಲಿಸಿದ್ದವು ಅವು. ಹಿಂದಿನ ಎರಡರಲ್ಲಿ 1117. ಅಂದರೆ 2017ರ 11ನೇ ವಾರ. ಗಾಡಿಯ ಜೊತೆಗೇ ಬಂದ ಟೈರ್!

ಪಂಕ್ಚರ್ ಅಂಗಡಿಯ ಹುಡುಗ ಬಗ್ಗಿ ನೋಡಿ, "ಬಟನ್ ಚಲೋ ಅದಾವಲ್ಲ ಸಾರ್, ಇನ್ನೂ ಎರಡು ವರ್ಷ ಓಡ್ತಾವ" ಅಂದ. ಬಟನ್ ಅಂದರೆ ರಸ್ತೆಗೆ ತಾಗುವ ಉಬ್ಬು ರಬ್ಬರ್. ಅವನು ಹೇಳಿದ್ದು ಸುಳ್ಳಲ್ಲ. ಸವೆತ ತೋರಿಸುವ ಅಡ್ಡಪಟ್ಟಿ 1.6 ಮಿಲಿಮೀಟರ್‌ಗೆ ಇರುತ್ತದೆ, ಅದಕ್ಕೆ ಇನ್ನೂ ದೂರವಿತ್ತು. ನಾನು ಗಾಡಿ ಓಡಿಸುವುದೇ ಕಡಿಮೆ. ಆದರೆ ಪಕ್ಕದ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಾಯಿ ಬಿಡುತ್ತಿದ್ದವು, ಬೇಸಿಗೆಯ ಕೆರೆಯಂಗಳದ ಹಾಗೆ. ನನ್ನ ಗಾಡಿಗೆ ನೆರಳಿಲ್ಲ, ವರ್ಷವಿಡೀ ಬಯಲಲ್ಲೇ. ಬಿಸಿಲಿಗೆ ರಬ್ಬರ್ ಬೇಗ ಮುದಿಯಾಗುತ್ತದೆ. ಮೇಲಿಂದ ಹವಾ ಕಡಿಮೆ ಇದ್ದರೆ ಟೈರ್ ಜಾಸ್ತಿ ಮಡಚಿ ಒಳಗೊಳಗೇ ಕಾಯುತ್ತದೆ. ಏಪ್ರಿಲ್ ಮಧ್ಯಾಹ್ನ ಹೈವೇಯಲ್ಲಿ ಟೈರ್ ಒಡೆಯುವುದಕ್ಕೆ ಇಷ್ಟು ಸಾಕು.

ಇನ್ನೊಂದು ಹೆದರಿಕೆ ಮಳೆಯದು. ಹೆಂಡತಿಯ ತವರು ರಾಯಚೂರು. ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲೆ ಹೋಗುತ್ತೇವೆ. ಭತ್ತದ ನಾಟಿ ಹೊತ್ತಿನಲ್ಲಿ ಗದ್ದೆಯಿಂದ ಎದ್ದ ಟ್ರ್ಯಾಕ್ಟರ್‌ಗಳು ಎರೆ ಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸಿಕೊಂಡು ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆ ಬೆಣ್ಣೆ. ಆ ಮಳೆಗಾಲದಲ್ಲಿ ಸಿಂಧನೂರು ದಾಟಿದ ಮೇಲೆ ಎಮ್ಮೆ ಅಡ್ಡ ಬಂತು ಅಂತ ಬ್ರೇಕ್ ಒತ್ತಿದ್ದೆ. ಗಾಡಿಯ ಹಿಂಭಾಗ ಒಂದು ಕ್ಷಣ ಪಕ್ಕಕ್ಕೆ ಜಾರಿತ್ತು. ಆಗ ಮಣ್ಣಿಗೆ ಬೈದಿದ್ದೆ. ಈಗ ಟೈರ್ ಮುಂದೆ ಕೂತಾಗ ಅದು ನೆನಪಾಯಿತು.

ನಾಲ್ಕೂ ಬದಲಿಸಲು ಮನಸ್ಸಾಗಲಿಲ್ಲ. ಮುಂದಿನವು ಗಟ್ಟಿಯಾಗಿದ್ದವು. ಎರಡು ಕೊಳ್ಳೋಣ ಅಂತ ಹೋದ ಮೊದಲ ಅಂಗಡಿಯಲ್ಲಿ "ಫ್ರೆಶ್ ಸ್ಟಾಕ್" ಅಂತ ತೋರಿಸಿದ್ದು ಎರಡೂವರೆ ವರ್ಷದ ಹಿಂದಿನದು. ಅಂಕಿಯ ಮೇಲೆ ಬೆರಳಿಟ್ಟ ಕೂಡಲೇ ರೇಟು ತಾನಾಗಿ ಇಳಿಯಿತು. ನಾನು ಎದ್ದು ಬಂದೆ. ಎರಡನೇ ಕಡೆ ಮೂರು ತಿಂಗಳ ಮಾಲು ಸಿಕ್ಕಿತು, ಒಂದಕ್ಕೆ 5 ಸಾವಿರದ ಹತ್ತಿರ. ನೈಟ್ರೋಜನ್ ಹಾಕಿಸಿ ಅಂದರು, ಬೇಡ ಅಂದೆ. ಬರೀ ಗಾಳಿಯಲ್ಲೇ ನೂರಕ್ಕೆ 78 ಭಾಗ ಅದೇ ಇದೆ.

ಜಗಳ ಆಗಿದ್ದು ಎಲ್ಲಿ ಹಾಕುವುದು ಅನ್ನುವುದಕ್ಕೆ. "ಎಂಜಿನ್ ಎಳೆಯೋದು ಮುಂದಿನ ಗಾಲಿ, ಹೊಸವು ಮುಂದಕ್ಕೇ" ಅಂತ ಮೇಸ್ತ್ರಿ ಪಟ್ಟು ಹಿಡಿದರು. ನಾನು ಹಿಂದಕ್ಕೇ ಅಂದೆ. ಒದ್ದೆ ರಸ್ತೆಯಲ್ಲಿ ಮುಂದಿನ ಗಾಲಿ ಜಾರಿದರೆ ಗಾಡಿ ನೇರ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಮಾನ್ಯವಾಗಿ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರ್ರನೆ ತಿರುಗುತ್ತದೆ, ನಮ್ಮಂಥವರ ಕೈಗೆ ಸಿಗುವುದಿಲ್ಲ. ಎಮ್ಮೆ ಕಥೆ ಹೇಳಿದೆ. "ನಿಮ್ಮ ಗಾಡಿ, ನಿಮ್ಮ ಇಷ್ಟ" ಅಂತ ಹಿಂದಕ್ಕೇ ಹಾಕಿದರು.

ಈಗ ಹವಾ ನೋಡುವುದು ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಗಾಡಿ ತೆಗೆಯುವ ಮೊದಲು, ನನ್ನದೇ ಮೀಟರಿನಲ್ಲಿ. ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಷ್ಟೇ. ಓಡಿ ಬಿಸಿಯಾದ ಟೈರ್ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಹವಾ ಬಿಡುವುದಿಲ್ಲ.

ಡಿಸೆಂಬರ್‌ನಲ್ಲಿ ಅವನು ಹಿಮದಲ್ಲಿ ನಿಂತ ಕಾರಿನ ಫೋಟೋ ಕಳಿಸಿದ. ನಾನು ನನ್ನ ಹೊಸ ಟೈರ್‌ನ ಅಂಕಿಯ ಫೋಟೋ ಕಳಿಸಿದೆ. ಉತ್ತರ ತಕ್ಷಣ ಬಂತು: "ಸ್ಟೆಪ್ನಿ ಎಷ್ಟರದು ಮಾಮಾ?"

ಡಿಕ್ಕಿ ತೆಗೆದು ನೋಡಿದೆ. ಒಮ್ಮೆಯೂ ನೆಲ ಮುಟ್ಟದ ಟೈರ್, ರಬ್ಬರ್ ಮೀಸೆಗಳೂ ಹಾಗೇ ಇದ್ದವು. 1117.