ಕಾರಟಗಿ ಮಿಲ್ಲಿನ ಲಿನಕ್ಸ್ ಸರ್ವರ್‌ಗೆ ಗಂಗಾವತಿಯಿಂದ ರಿಮೋಟ್: ನನ್ನ ಅನುಭವ

ಗಂಗಾವತಿ, ಸಿಂಧನೂರು ಕಡೆ ಕಂಪ್ಯೂಟರ್ ಕೆಲಸ ಮಾಡುವವರ ಬಾಯಲ್ಲಿ ಒಂದೇ ಮಾತು. ಲಿನಕ್ಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಹಾಕಿದರೆ ಕಪ್ಪು ಸ್ಕ್ರೀನ್ ಗ್ಯಾರಂಟಿ, ಸುಮ್ನೆ ವಿಂಡೋಸ್ ಹಾಕಿ ಕೈ ತೊಳ್ಕೊ. ನನಗೆ ಇದನ್ನು ಹೇಳದವರೇ ಇಲ್ಲ. ಈಗ ಎರಡು ಸುಗ್ಗಿ ದಾಟಿದೆ. ಕಾರಟಗಿ ಹತ್ತಿರದ ಒಂದು ರೈಸ್ ಮಿಲ್ಲಿನ ಉಬುಂಟು ಸರ್ವರ್ ಮೇಲೆ ನಾಲ್ಕೈದು ಜನ ದಿನಾ ಬೇರೆ ಊರಲ್ಲಿ ಕೂತು ಕೆಲಸ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಲಿನಕ್ಸ್ ಡೆಸ್ಕ್‌ಟಾಪನ್ನು ದೂರದಿಂದ ತೋರಿಸುವ ಎಕ್ಸ್‌ಆರ್‌ಡಿಪಿ ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಇಲ್ಲಿ ಹೇಳಲ್ಲ, ಅದು ನಿಮಗೆ ಗೊತ್ತು.

ಮಿಲ್ಲಿನಲ್ಲಿ ಇರುವುದು ಹಳೆಯ ಆಫೀಸ್ ಪಿಸಿ. 8 ಜಿಬಿ ರ‍್ಯಾಮ್, ಆಮೇಲೆ ಹಾಕಿದ ಎಸ್‌ಎಸ್‌ಡಿ, ಉಬುಂಟು 22.04. ಕಾಟಾದ ತೂಕ, ಚೀಲದ ಲೆಕ್ಕ, ಗೋಡೌನ್ ಸ್ಟಾಕ್ ಎಲ್ಲ ಒಂದು ಜಾವಾ ಸಾಫ್ಟ್‌ವೇರ್‌ನಲ್ಲಿದೆ. ಅದು ಬ್ರೌಸರ್‌ನಲ್ಲಿ ಓಡಲ್ಲ, ಡೆಸ್ಕ್‌ಟಾಪ್ ಬೇಕೇ ಬೇಕು. ಧಣಿಗಳ ಆಫೀಸ್ ಗಂಗಾವತಿಯಲ್ಲಿ. ಗುಮಾಸ್ತರು ಅಲ್ಲಿಂದಲೇ ಬಿಲ್ ಹಾಕಬೇಕು, ಧಣಿಗಳು ಹೈದರಾಬಾದ್‌ಗೆ ಹೋದರೂ ಸ್ಟಾಕ್ ನೋಡಬೇಕು. ಇದಿಷ್ಟೇ ಕೆಲಸ.

ಮೊದಲು ದುಡ್ಡಿನ ಮಾತು. ವಿಂಡೋಸ್ ಸರ್ವರ್, ಜತೆಗೆ ಒಬ್ಬೊಬ್ಬರಿಗೆ ಒಂದೊಂದು ರಿಮೋಟ್ ಲೈಸೆನ್ಸ್, ಹೊಸ ಮಷೀನ್ ಅಂತ ಒಬ್ಬರು ಕೊಟ್ಟ ಕೊಟೇಶನ್ ಒಂದೂವರೆ ಲಕ್ಷದ ಹತ್ತಿರ ಇತ್ತು. ಧಣಿಗಳು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು, ಮತ್ತೆ ಹೊರಗೆ ತೆಗೆಯಲಿಲ್ಲ. ಅದಕ್ಕೂ ಮುಂಚೆ ಅವರು ಒಂದು ಸ್ಕ್ರೀನ್ ಹಂಚುವ ಆ್ಯಪ್ ಬಳಸುತ್ತಿದ್ದರು. ಅದು ಫ್ರೀ ಇರುವವರೆಗೂ ಚೆನ್ನಾಗಿತ್ತು. ಒಂದು ದಿನ, ನೀವು ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಅಂತ ಮೆಸೇಜ್ ಹಾಕಿ ಐದು ನಿಮಿಷಕ್ಕೊಮ್ಮೆ ಕಟ್ ಮಾಡೋಕೆ ಶುರು ಮಾಡಿತು. ವ್ಯಾಪಾರಕ್ಕೇ ಬಳಸುತ್ತಿದ್ದರು, ತಪ್ಪೇನಿಲ್ಲ ಬಿಡಿ. ಆದರೆ ಅದರಲ್ಲಿ ಎಲ್ಲರಿಗೂ ಒಂದೇ ಸ್ಕ್ರೀನ್. ಗುಮಾಸ್ತರು ಬಿಲ್ ಹಾಕುವಾಗ ಧಣಿಗಳು ಮೌಸ್ ಎಳೆದರೆ ಜಗಳ.

ನೇರವಾಗಿ ಪೋರ್ಟ್ ಫಾರ್ವರ್ಡ್ ಮಾಡೋಣ, ಅಂದರೆ ರೂಟರ್‌ನಲ್ಲಿ ಹೊರಗಿನವರಿಗೆ ಸರ್ವರ್‌ವರೆಗೆ ಬಾಗಿಲು ತೆರೆಯೋಣ ಅಂತ ನೋಡಿದರೆ ಆಗಲಿಲ್ಲ. ರೂಟರ್‌ನ ವ್ಯಾನ್ ಐಪಿ, ಅಂದರೆ ಹೊರಗಿನ ಕಡೆಯ ವಿಳಾಸ, 100.70 ಅಂತ ಏನೋ ತೋರಿಸುತ್ತಿತ್ತು. 100.64ರಿಂದ 100.127ರವರೆಗೆ ಯಾವುದು ಕಂಡರೂ ನೀವು ಸಿಜಿನ್ಯಾಟ್ ಒಳಗಿದ್ದೀರಿ, ನೆಟ್ ಕೊಡುವವರು ಒಂದೇ ಐಪಿಯನ್ನು ಹಲವರಿಗೆ ಹಂಚಿದ್ದಾರೆ ಅಂತ ಅರ್ಥ. ಹೊರಗಿನಿಂದ ಬಾಗಿಲೇ ಇಲ್ಲ. ಸ್ಟಾಟಿಕ್ ಐಪಿಗೆ (ನಮಗೇ ಮೀಸಲಾದ, ಬದಲಾಗದ ವಿಳಾಸ) ಕೇಬಲ್‌ನವರು ವರ್ಷಕ್ಕೆ ನಾಲ್ಕೈದು ಸಾವಿರ ಹೇಳಿದರು. ಕೊಟ್ಟರೂ ಫೈಬರ್ ಕಟ್ಟಾಗಿ ರೂಟರ್ ಸಿಮ್‌ನ ಮೊಬೈಲ್ ನೆಟ್‌ಗೆ ಹೋದಾಗ ಆ ಐಪಿ ಇದ್ದೂ ಇಲ್ಲದಂತೆ. ನಮ್ಮ ಕಡೆ ರಸ್ತೆ ಕೆಲಸದ ಜೆಸಿಬಿಗೂ ಫೈಬರ್‌ಗೂ ಇರುವ ಸಂಬಂಧ ನಿಮಗೆ ಗೊತ್ತಲ್ವಾ. ಇನ್ನು ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಬಯಲಿಗೆ ಇಡುವುದು ಬೇಡವೇ ಬೇಡ. ಒಂದು ಟೆಸ್ಟ್ ಮಷೀನ್‌ನಲ್ಲಿ ತೆರೆದಿಟ್ಟು ನೋಡಿದೆ. ಸಂಜೆ ಹೊತ್ತಿಗೆ ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್ ಅನ್ನುವ ಹೆಸರಿನಲ್ಲಿ ಬಂದ ಲಾಗಿನ್ ಪ್ರಯತ್ನಗಳಿಂದ ಲಾಗ್ ತುಂಬಿಹೋಗಿತ್ತು.

ಹಾಗಾಗಿ ಮುಂಬೈಯಲ್ಲಿ ಒಂದು ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್), ಅದರ ಮೇಲೆ ಇಂಟರ್‌ನೆಟ್ ಒಳಗೇ ಖಾಸಗಿ ದಾರಿ (ಟನಲ್) ಕಟ್ಟುವ ವೈರ್‌ಗಾರ್ಡ್. ಮಿಲ್ಲಿನ ಸರ್ವರ್ ತಾನೇ ಹೊರಗೆ ಹೋಗಿ ವಿಪಿಎಸ್ ಜತೆ ಟನಲ್ ಕಟ್ಟಿಕೊಳ್ಳುತ್ತದೆ, ಗಂಗಾವತಿಯ ಲ್ಯಾಪ್‌ಟಾಪ್‌ಗಳೂ ಅಲ್ಲಿಗೇ ಬರುತ್ತವೆ. ಟನಲನ್ನು ಎಚ್ಚರವಾಗಿಡುವ ಕೀಪ್‌ಅಲೈವ್ 25 ಸೆಕೆಂಡ್ ಇಡದಿದ್ದರೆ ಸ್ವಲ್ಪ ಹೊತ್ತಿಗೆ ಮಿಲ್ಲಿನ ಕಡೆಯ ದಾರಿ ಮುಚ್ಚಿಹೋಗುತ್ತದೆ. ತಿಂಗಳಿಗೆ ನಾಲ್ಕು ನೂರರ ಆಸುಪಾಸು. ನಾನು ಇನ್ನೂ ಕಡಿಮೆಗೆ ತಗೊಂಡಿದ್ದೇನೆ, ಹೇಗೆ ಅಂತ ಕೇಳಬೇಡಿ. ಸಿಂಗಾಪುರದ್ದು ಅಗ್ಗ ಇತ್ತು, ಆದರೆ ಮೌಸ್ ಒತ್ತಿದ ಮೇಲೆ ಮೆನು ಬರುವಷ್ಟರಲ್ಲಿ ಗುಮಾಸ್ತರು ಮತ್ತೆ ಎರಡು ಸಲ ಒತ್ತಿರುತ್ತಿದ್ದರು.

ಇಷ್ಟಾದ ಮೇಲೆ ಫೋನ್ ಬರೋಕೆ ಶುರುವಾಯಿತು. "ಸರ, ಮತ್ತ ಕರ್ರಗಾತು ನೋಡ್ರಿ." ದಿನಾ ಇದೇ.

ನಾನು ಕಂಡುಕೊಂಡ ಮುಖ್ಯ ವಿಷಯ ಇದು. ಎಲ್ಲರೂ ಒಂದೇ ಹೆಸರಿನಿಂದ ಕರೆಯುವ ಕಪ್ಪು ಸ್ಕ್ರೀನ್ ಒಂದೇ ರೋಗ ಅಲ್ಲ. ಪಾಸ್‌ವರ್ಡ್ ಹಾಕಿದ ತಕ್ಷಣ ಕಪ್ಪಾಗಿ ಕಿಟಕಿಯೇ ಮುಚ್ಚಿಹೋದರೆ ಅದು ಸೆಶನ್ ತೊಂದರೆ. ಡೆಸ್ಕ್‌ಟಾಪ್ ಶುರುವಾಗುತ್ತಿದ್ದಂತೆ ಸಾಯುತ್ತಿದೆ, ನೆಟ್‌ವರ್ಕ್ ಮುಟ್ಟಲೇಬೇಡಿ. ಹೋಮ್ ಫೋಲ್ಡರ್‌ನ ಎಕ್ಸ್‌ಸೆಶನ್ ಫೈಲ್‌ನಲ್ಲಿ ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್) ಕರೆದಿದ್ದೀರಾ ನೋಡಿ, ಎಕ್ಸ್‌ಆರ್‌ಡಿಪಿಯ ಸೆಶನ್ ನೋಡಿಕೊಳ್ಳುವ ಸೆಸ್‌ಮ್ಯಾನ್ ಲಾಗ್ ನೋಡಿ. ಕಪ್ಪಾಗಿ ಮೌಸ್ ಬಾಣ ಮಾತ್ರ ಓಡಾಡುತ್ತಿದ್ದರೆ, ಹೆಚ್ಚಿನ ಪಾಲು ಅದೇ ಯೂಸರ್ ಮಿಲ್ಲಿನ ಮಾನಿಟರ್‌ನಲ್ಲೂ ಲಾಗಿನ್ ಆಗಿ ಕೂತಿರುತ್ತಾನೆ. ಇನ್ನು ಕನೆಕ್ಟ್ ಆಗಿ, ಸರ್ಟಿಫಿಕೇಟ್ ಎಚ್ಚರಿಕೆಯೂ ಬಂದು, ಆಮೇಲೆ ಚಿತ್ರ ಬರದೆ ಅಥವಾ ಅರ್ಧ ಬಂದು ನಿಂತರೆ ಅದು ಮೂರನೆಯದು. ನಮ್ಮನ್ನು ಜಾಸ್ತಿ ಸತಾಯಿಸಿದ್ದು ಅದೇ.

ಬಾಣ ಮಾತ್ರ ಓಡಾಡುವ ಎರಡನೆಯದಕ್ಕೆ ಇಂಟರ್‌ನೆಟ್ ತುಂಬಾ ಒಂದೇ ಮದ್ದು ಸಿಗುತ್ತದೆ. ಡೆಸ್ಕ್‌ಟಾಪ್ ಶುರು ಮಾಡುವ ಸ್ಟಾರ್ಟ್‌ಡಬ್ಲ್ಯೂಎಂ ಸ್ಕ್ರಿಪ್ಟ್‌ನಲ್ಲಿ ಡಿಬಸ್ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ) ಸೆಶನ್ ವಿಳಾಸವನ್ನೂ ಎಕ್ಸ್‌ಡಿಜಿ ರನ್‌ಟೈಮ್ ಡೈರೆಕ್ಟರಿಯನ್ನೂ ಅನ್‌ಸೆಟ್ ಮಾಡಿ ಅಂತ. ಮಾಡಿದರೆ ಸ್ಕ್ರೀನ್ ಬರುತ್ತದೆ, ಸುಳ್ಳಲ್ಲ. ಆದರೆ ಫೈರ್‌ಫಾಕ್ಸ್ ತೆರೆಯಲ್ಲ. ಉಬುಂಟು 22.04ರಲ್ಲಿ ಅದು ಸ್ನ್ಯಾಪ್ ಅನ್ನುವ ಪ್ಯಾಕೇಜ್ ಆಗಿ ಬರುತ್ತದೆ. ಡಿಬಸ್ ವಿಳಾಸ ಕಿತ್ತುಹಾಕಿದ ಸೆಶನ್‌ನಲ್ಲಿ ಇದು ಸ್ನ್ಯಾಪ್ ಸಿಗ್ರೂಪ್ ಅಲ್ಲ ಅಂತ ಎರರ್ ಕೊಟ್ಟು ಕೂತುಬಿಡುತ್ತದೆ. ಇ-ವೇ ಬಿಲ್ ಮಾಡೋಕೆ ಬ್ರೌಸರ್ ಬೇಕಲ್ವಾ, ಗುಮಾಸ್ತರ ಕೆಲಸ ಅಲ್ಲೇ ನಿಂತಿತು. ನಾನು ಆ ಮದ್ದನ್ನೇ ಬಿಟ್ಟೆ. ಮಾನಿಟರ್ ಮುಂದೆ ಕೂರುವ ಹುಡುಗನಿಗೆ ಒಂದು ಯೂಸರ್, ದೂರದಿಂದ ಬರುವ ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್. ಯಾವ ಸ್ಕ್ರಿಪ್ಟನ್ನೂ ಮುಟ್ಟಬೇಕಾಗಿಲ್ಲ, ಫೈರ್‌ಫಾಕ್ಸೂ ಓಡುತ್ತದೆ. ರ‍್ಯಾಮ್ ಒಬ್ಬರಿಗೆ ಆರೇಳು ನೂರು ಎಂಬಿ ಹೋಗುತ್ತದೆ, ಹೋಗಲಿ.

ಈಗ ಮೂರನೆಯದಕ್ಕೆ ಬರುತ್ತೇನೆ. ಬೆಳಿಗ್ಗೆ ಸರಿ ಇರುತ್ತಿತ್ತು, ಮಧ್ಯಾಹ್ನ ನಿಲ್ಲುತ್ತಿತ್ತು, ನಾನು ಗಂಗಾವತಿಯಿಂದ ಬೈಕ್‌ನಲ್ಲಿ ಮಿಲ್ಲಿಗೆ ಹೋಗಿ ಲ್ಯಾಪ್‌ಟಾಪ್ ತೆರೆದರೆ ಅಲ್ಲಿ ಎಲ್ಲ ಸರಿ. ಎಸ್‌ಎಸ್‌ಎಚ್ (ಬರೀ ಅಕ್ಷರದ ರಿಮೋಟ್ ಲಾಗಿನ್) ಮಾತ್ರ ಯಾವಾಗಲೂ ಓಡುತ್ತಿತ್ತು, ಆ ಕಡೆ ಇದ್ದಾರಾ ಅಂತ ಕೇಳುವ ಪಿಂಗ್ ಕೂಡ. ಎಸ್‌ಎಸ್‌ಎಚ್ ಓಡುತ್ತೆ ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್) ಓಡಲ್ಲ ಅಂದಮೇಲೆ ಎಕ್ಸ್‌ಆರ್‌ಡಿಪಿಯೇ ಸರಿ ಇಲ್ಲ ಅಂತ ನನ್ನ ಜತೆಯವರೆಲ್ಲ ತೀರ್ಪು ಕೊಟ್ಟರು. ಇನ್ನೊಂದು ರಿಮೋಟ್ ಸಾಫ್ಟ್‌ವೇರ್ ಟೈಗರ್‌ವಿಎನ್‌ಸಿ ಹಾಕಿ ನೋಡಿದೆ, ಅದೂ ಅರ್ಧ ಚಿತ್ರ ತೋರಿಸಿ ನಿಂತಿತು. ಇಲ್ಲೇ ನನಗೆ ಅನುಮಾನ ಬಂದದ್ದು. ಬೇರೆ ಬೇರೆ ಎರಡು ಸಾಫ್ಟ್‌ವೇರ್ ಒಂದೇ ಥರ ಕೆಡಬೇಕಾದರೆ ತಪ್ಪು ಎರಡರದ್ದೂ ಅಲ್ಲ.

ವಿಪಿಎಸ್ ಮೇಲೆ ವೈರ್‌ಗಾರ್ಡ್‌ನ ಡಬ್ಲ್ಯೂಜಿ ಶೋ ಕಮಾಂಡ್ ಕೊಟ್ಟರೆ ಮಿಲ್ಲು ಯಾವ ಐಪಿಯಿಂದ ಬರುತ್ತಿದೆ ಅಂತ ತೋರಿಸುತ್ತದೆ. ಅದನ್ನು ನಿಮಿಷಕ್ಕೊಮ್ಮೆ ಫೈಲಿಗೆ ಬರೆಯುವ ಹಾಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿ ಬಿಟ್ಟೆ. ಗುಮಾಸ್ತರಿಗೆ, ಕರ್ರಗಾದಾಗ ಗಡಿಯಾರ ನೋಡಿ ಕ್ಯಾಲೆಂಡರ್ ಹಿಂದೆ ಟೈಮ್ ಬರೆದಿಡ್ರಿ ಅಂದೆ. ಬರೆದರು, ಪೆನ್ಸಿಲ್‌ನಲ್ಲಿ, ಪಕ್ಕದಲ್ಲಿ ಚೀಲದ ಲೆಕ್ಕದ ಜತೆ. ಎರಡನ್ನೂ ಹೊಂದಿಸಿ ನೋಡಿದರೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಫೈಬರ್ ಹೋಗಿ ರೂಟರ್ ಸಿಮ್‌ಗೆ ಬದಲಾದಾಗಲೆಲ್ಲ ಸ್ಕ್ರೀನ್ ಕಪ್ಪು. ಫೈಬರ್ ಬಂದರೆ ಸರಿ.

ಆಮೇಲಿನದು ಸುಲಭ. ರೂಟರನ್ನು ಬೇಕಂತಲೇ ಸಿಮ್‌ಗೆ ಹಾಕಿ, ಟನಲ್ ಒಳಗೆ ತುಂಡಾಗಬಾರದು ಅನ್ನುವ ಆಯ್ಕೆ ಕೊಟ್ಟು ದೊಡ್ಡ ಪಿಂಗ್ ಬಿಟ್ಟೆ. ವೈರ್‌ಗಾರ್ಡ್ ತಾನಾಗಿ ಇಟ್ಟುಕೊಳ್ಳುವ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 1420 ಬೈಟ್. ಅದಕ್ಕೆ ಸರಿಯಾಗಿ, ಹೆಡರ್ ಬಿಟ್ಟು, 1392 ಬೈಟ್ ಪಿಂಗ್ ಬಿಟ್ಟರೆ ಉತ್ತರವೇ ಇಲ್ಲ. ಇಳಿಸುತ್ತಾ 1300ರ ಆಸುಪಾಸಿಗೆ ಬಂದಾಗ ಉತ್ತರ ಬಂತು. ಸಿಮ್ ದಾರಿಯಲ್ಲಿ ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಬೀಳುತ್ತಿದ್ದವು. ಕಾಲುವೆಯ ಕಿರುಸೇತುವೆ ಮೇಲೆ ಬೈಕ್ ಹೋಗುತ್ತದೆ, ಹುಲ್ಲು ಹೇರಿದ ಟ್ರ್ಯಾಕ್ಟರ್ ಹೋಗಲ್ಲ. ಎಸ್‌ಎಸ್‌ಎಚ್‌ನಲ್ಲಿ ನಾವು ಹೊಡೆಯುವ ಅಕ್ಷರ, ಸಾಮಾನ್ಯ ಪಿಂಗ್, ಇವೆಲ್ಲ ಸಣ್ಣವು. ಡೆಸ್ಕ್‌ಟಾಪ್ ಚಿತ್ರ ಬಂದರೆ ಪ್ಯಾಕೆಟ್ ತುಂಬಿ ಬರುತ್ತದೆ. ಎಸ್‌ಎಸ್‌ಎಚ್‌ನಲ್ಲೂ ಒಂದು ದೊಡ್ಡ ಲಾಗ್ ಫೈಲನ್ನು ಕ್ಯಾಟ್ ಮಾಡಿ (ಪೂರ್ತಿ ಸ್ಕ್ರೀನ್‌ಗೆ ಸುರಿದು) ನೋಡಿ, ಅದೂ ನಿಲ್ಲುತ್ತದೆ. ಯಾರೂ ಅದನ್ನು ಮಾಡಿ ನೋಡಿರಲಿಲ್ಲ.

ಮಿಲ್ಲಿನ ಸರ್ವರ್, ವಿಪಿಎಸ್, ಲ್ಯಾಪ್‌ಟಾಪ್‌ಗಳು, ಎಲ್ಲದರಲ್ಲೂ ಎಂಟಿಯು 1280 ಬರೆದೆ. ಒಂದೇ ಸಾಲು. ಅವತ್ತಿನಿಂದ ಸಿಮ್ ಮೇಲೂ ಸ್ಕ್ರೀನ್ ಬರುತ್ತಿದೆ. ವಿಂಡೋಸ್ ಕೊಟೇಶನ್ ಕೊಟ್ಟವರಿಗೆ ಫೋನ್ ಮಾಡಿ ಹೇಳಿದೆ, ಹೇಳದೆ ಇರೋಕೆ ಆಗಲಿಲ್ಲ.

ಟನಲ್ ಪೂರ್ತಿ ಸತ್ತ ಕಥೆ ಒಂದಿದೆ. ಸರ್ವರ್ ಹೊರಗೆ ಯಾರ ಜತೆ ಮಾತಾಡುತ್ತೆ ನೋಡೋಣ ಅಂತ ಪ್ರಯೋಗಕ್ಕೆ ಅದರ ಎಲ್ಲ ಟ್ರಾಫಿಕ್ಕನ್ನೂ ಟನಲ್ ಒಳಗೇ ಬಿಟ್ಟಿದ್ದ ದಿನಗಳು. ಕರೆಂಟ್ ಹೋಗಿ ಯುಪಿಎಸ್ ಖಾಲಿಯಾಗಿ ಮಷೀನ್ ಆಫ್ ಆಯಿತು, ಕರೆಂಟ್ ಬಂದಾಗ ತಾನೇ ಆನ್ ಆಯಿತು, ಆದರೆ ಹ್ಯಾಂಡ್‌ಶೇಕ್ (ಟನಲ್ ಕಟ್ಟುವ ಮೊದಲ ಮಾತುಕತೆ) ಇಲ್ಲ. ಹೋಗಿ ನೋಡಿದರೆ ಬೋರ್ಡ್ ಮೇಲಿನ ಸೆಲ್ ಸತ್ತು ಗಡಿಯಾರ ಹಿಂದಿನ ಯಾವುದೋ ವರ್ಷದಲ್ಲಿ ಕೂತಿದೆ. ವೈರ್‌ಗಾರ್ಡ್ ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ ಸಮಯ ಸೇರಿಸಿ ಕಳಿಸುತ್ತದೆ. ಹಿಂದಿನ ಸಲಕ್ಕಿಂತ ಹಳೆಯ ಸಮಯ ಬಂದರೆ ಎದುರಿನವನು ತಿರುಗಿಯೂ ನೋಡಲ್ಲ. ಗಡಿಯಾರ ನೋಡಿಕೊಳ್ಳುವ ಕ್ರೋನಿ ಸಮಯ ಸರಿಮಾಡೋಕೆ ಹೊರಗೆ ಹೋಗಬೇಕು, ಹೊರಗೆ ಹೋಗುವ ದಾರಿ ಟನಲ್, ಟನಲ್‌ಗೆ ಸಮಯ ಬೇಕು. ಸಿಆರ್2032 ಸೆಲ್, ಐವತ್ತು ರೂಪಾಯಿ ಒಳಗೆ. ಬದಲಾಯಿಸಿದೆ, ಟನಲ್ ಒಳಗೆ 10ರಿಂದ ಶುರುವಾಗುವ ನಮ್ಮದೇ ವಿಳಾಸಗಳ ಟ್ರಾಫಿಕ್ ಮಾತ್ರ ಹೋಗುವ ಹಾಗೆ ಮಾಡಿದೆ. ಅದೇ ಕೈಯಲ್ಲಿ ಸ್ಲೀಪ್, ಸಸ್ಪೆಂಡ್ ಟಾರ್ಗೆಟ್‌ಗಳನ್ನು ಮಾಸ್ಕ್ ಮಾಡಿ, ಮಷೀನ್ ನಿದ್ದೆಗೆ ಹೋಗದ ಹಾಗೆ ಮಾಡಿ ಬಂದೆ.

ಸೆಶನ್ ವಿಷಯದಲ್ಲಿ ಇನ್ನೊಂದು. ಗುಮಾಸ್ತರು ಮನೆಯ ಲ್ಯಾಪ್‌ಟಾಪ್‌ನಿಂದ ಬಂದಾಗ, "ನಾ ಅರ್ಧ ಮಾಡಿಟ್ಟ ಬಿಲ್ ಎಲ್ಲಿ ಹೋತ್ರಿ?" ಅಂತ ಕೇಳೋರು. ಬಿಲ್ ಎಲ್ಲೂ ಹೋಗಿರಲಿಲ್ಲ. ಎಕ್ಸ್‌ಆರ್‌ಡಿಪಿ ಹಳೆಯ ಸೆಶನ್ ಹುಡುಕುವಾಗ ಯೂಸರ್ ಜತೆ ಕಲರ್ ಡೆಪ್ತ್ (ಬಣ್ಣಕ್ಕೆ ಎಷ್ಟು ಬಿಟ್ ಅನ್ನುವುದು) ಕೂಡ ನೋಡುತ್ತದೆ. ಆಫೀಸಿನದು 16 ಬಿಟ್, ಮನೆಯದು 32. ಹಾಗಾಗಿ ಇನ್ನೊಂದು ಹೊಸ ಡೆಸ್ಕ್‌ಟಾಪ್ ಹುಟ್ಟುತ್ತಿತ್ತು, ಹಳೆಯದು ಒಳಗೇ ರ‍್ಯಾಮ್ ತಿನ್ನುತ್ತಾ ಕೂತಿರುತ್ತಿತ್ತು. ಎಲ್ಲ ಕಡೆ 16ಕ್ಕೆ ಇಳಿಸಿದೆ. ವಾಲ್‌ಪೇಪರ್ ತೆಗೆದೆ, ಕಿಟಕಿಗಳಿಗೆ ನೆರಳು, ಪಾರದರ್ಶಕತೆ ಕೊಡುವ ಎಕ್ಸ್‌ಎಫ್‌ಸಿಇ ಕಂಪೋಸಿಟರ್ ಆಫ್ ಮಾಡಿದೆ. ಸಿಮ್ ಮೇಲೆ ಓಡುವಾಗ ಇವು ಮೂರೂ ಸೇರಿ ಒಳ್ಳೆ ವ್ಯತ್ಯಾಸ ಮಾಡುತ್ತವೆ.

ಲಾಗಿನ್ ಆದ ಕೂಡಲೇ ಕಲರ್ ಡಿವೈಸ್‌ಗೆ ಪಾಸ್‌ವರ್ಡ್ ಕೊಡಿ ಅಂತ ಒಂದು ಡಬ್ಬಿ ಬರುತ್ತದಲ್ಲ, ಅದಕ್ಕೆ ಯಾರಿಗೆ ಏನು ಅನುಮತಿ ಅಂತ ತೀರ್ಮಾನಿಸುವ ಪೋಲ್‌ಕಿಟ್‌ನಲ್ಲಿ ರೂಲ್ ಹಾಕಬೇಕು. 22.04ರ ಪಿಕೆಎಲ್‌ಎ ಫೈಲನ್ನೇ 24.04ಕ್ಕೆ ನಕಲು ಮಾಡಿದರೆ ಕೆಲಸ ಮಾಡಲ್ಲ, ಅಲ್ಲಿ ಜಾವಾಸ್ಕ್ರಿಪ್ಟ್ ಥರದ ರೂಲ್ಸ್ ಫೈಲ್ ಬೇಕು. ರಿಮೋಟ್ ಒಳಗೆ ಕನ್ನಡ ಟೈಪಿಂಗ್ ಕೂಡ ಕೂರಿಸಿದ್ದೇನೆ, ರೈತರ ಹೆಸರು ಈಗ ಕನ್ನಡದಲ್ಲೇ ಬರುತ್ತದೆ. ಟೈಪಿಂಗ್‌ಗೆ ಬಳಸಿದ್ದು ಐಬಸ್ ಅನ್ನುವಷ್ಟು ಹೇಳುತ್ತೇನೆ. ಕೀಬೋರ್ಡ್ ತಾನಾಗಿ ಬದಲಾಗದಂತೆ ತಡೆದದ್ದು ಹೇಗೆ ಅನ್ನುವುದು ನನ್ನ ಹೊಟ್ಟೆಪಾಡು.

ಪ್ರಿಂಟಿಂಗ್ ಮಾತ್ರ ಸುತ್ತು ಹೊಡೆದೇ ಆಗಬೇಕು. ಲ್ಯಾಪ್‌ಟಾಪ್‌ನ ಪ್ರಿಂಟರ್ ಎಕ್ಸ್‌ಆರ್‌ಡಿಪಿ ಒಳಗೆ ಬರಲ್ಲ. ಆದರೆ ಲ್ಯಾಪ್‌ಟಾಪ್‌ನ ಡ್ರೈವ್ ಥಿನ್‌ಕ್ಲೈಂಟ್ ಡ್ರೈವ್ಸ್ ಅನ್ನುವ ಫೋಲ್ಡರ್ ಆಗಿ ಬರುತ್ತದೆ. ಬಿಲ್ಲನ್ನು ಪಿಡಿಎಫ್ ಮಾಡಿ ಅಲ್ಲಿ ಹಾಕಿದರೆ ಗಂಗಾವತಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಅದನ್ನು ಎತ್ತಿ ಪ್ರಿಂಟ್ ಮಾಡುತ್ತದೆ. ಬ್ಯಾಕಪ್ ತೆಗೆಯುವಾಗ ಆ ಫೋಲ್ಡರ್ ಬಿಟ್ಟುಬಿಡಿ, ಯಾರಾದರೂ ಅರ್ಧದಲ್ಲಿ ಕಟ್ ಆಗಿದ್ದರೆ ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಗೇಟ್ ಪಾಸ್‌ನ ಡಾಟ್ ಮ್ಯಾಟ್ರಿಕ್ಸ್ ಮಿಲ್ಲಿನ ಸರ್ವರ್‌ಗೇ ನೇರ ಸಿಕ್ಕಿಸಿದ್ದೇನೆ, ಗಂಗಾವತಿಯಿಂದ ಒತ್ತಿದರೆ ಕಾಟಾ ಕೋಣೆಯಲ್ಲಿ ಕರಕರ ಅನ್ನುತ್ತದೆ.

ಒಟ್ಟು ಖರ್ಚು ಎಸ್‌ಎಸ್‌ಡಿ, ಡ್ಯುಯಲ್ ವ್ಯಾನ್ ರೂಟರ್, ಸೆಲ್ ಎಲ್ಲ ಸೇರಿ ಎಂಟೊಂಬತ್ತು ಸಾವಿರ ಆಗಿರಬಹುದು, ವಿಪಿಎಸ್ ಬೇರೆ. ನನ್ನ ಕೂಲಿ ಇದರಲ್ಲಿ ಸೇರಿಸಿಲ್ಲ. ಅದರಲ್ಲಿ ಅರ್ಧ ಬಂದಿದೆ, ಉಳಿದರ್ಧ ಭತ್ತದ ರೇಟ್ ಏರಿದ ಮೇಲೆ ಅಂತ ಧಣಿಗಳು ಹೇಳಿದ್ದಾರೆ.