ಹಳೇ ಕ್ಯಾಸೆಟ್ ಎಸೀಬ್ಯಾಡ್ರಿ

ಅಣ್ಣಾರ, ಅಕ್ಕಾರ, ಮನ್ಯಾಗ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನದ್ದೋ, ದಾಸರ ಪದದ್ದೋ ಹಳೇ ಕ್ಯಾಸೆಟ್ ಇದ್ರ ಎಸೀಬ್ಯಾಡ್ರಿ. ಕಂಪ್ಯೂಟರಿಗೆ ಇಳಿಸ್ಕೊಳ್ರಿ.

ನಮ್ಮ ರಾಯಚೂರ ಬಿಸಿಲಿಗೆ ಟೇಪ್ ಅಂಟಿರಬಹುದು. ಹಂಗಾಗಿ ಹಚ್ಚೂಕಿಂತ ಮೊದಲ ಒಂದ್ಸಲ ಪೂರ್ತಿ ಮುಂದಕ್ಕ, ಆಮ್ಯಾಲ ಹಿಂದಕ್ಕ ಸುತ್ತಿಸ್ರಿ. ಟೇಪ್ ರೆಕಾರ್ಡರ್ ಹೆಡ್ಡನ್ನ (ಟೇಪ್ ತಾಗಿ ಹೋಗೋ ಲೋಹದ ತುಂಡು) ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಲೆ ಒರೆಸಿ ಒಣಗಾಕ ಬಿಡ್ರಿ. ಇದೊಂದು ಮಾತ್ರ ತಪ್ಪಿಸಬ್ಯಾಡ್ರಿ, ದನಿ ಮಂಕಾಗೋದು ಬಹಳ ಸಲ ಹೆಡ್ಡಿನ ಹೊಲಸಿನಿಂದನ. ಕ್ಯಾಸೆಟ್ಟಿನ ಹಿಂದಿನ ಅಂಚಿನಾಗ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರ್ತಾವ. ಅವನ್ನ ಮುರಿದ್ರ, ಕೈತಪ್ಪಿ ರೆಕಾರ್ಡ್ ಒತ್ತಿದ್ರೂ ಹಾಡು ಅಳಸಂಗಿಲ್ಲ. ಆಮ್ಯಾಲ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗ ವೇವ್ (WAV) ಫೈಲ್ ಮಾಡ್ರಿ; ಅದಕ್ಕ ರೊಕ್ಕ ಕೊಡೂದಿಲ್ಲ. 60ರ ಕ್ಯಾಸೆಟ್ ಒಂದು ಮಗ್ಗಲಿಗೆ 30 ನಿಮಿಷ ಓಡ್ತದ, ಇಳಿಸಾಕೂ ಅಷ್ಟ ಹೊತ್ತು ಹಿಡೀತದ.

ನಮ್ಮಪ್ಪ ಗುನುಗ್ತಿದ್ದ ಧಾಟಿ ನನಗ ಹಿಂಗ ಮರಳಿ ಸಿಕ್ತು.